ಇಡೀ ಜಿಲ್ಲೆಯ ನಿದ್ದೆಗೆ ಒಂದು ಹಿಡಿ ಮೆಣಸಿನಕಾಯಿಯ ತೂಕ

2011ರ ಜನಗಣತಿ ಪ್ರಕಾರ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಕತ್ತಲಾಯಿತು, ಇನ್ನು ಮಲಗು ಎಂದು ಇಷ್ಟೂ ಮೈಗಳಿಗೆ ಹೇಳಲು ಮಿದುಳಿನ ಪೀನಿಯಲ್ ಗ್ರಂಥಿ ಒಂದು ರಾತ್ರಿಗೆ ಎಷ್ಟು ಮೆಲಟೋನಿನ್ ಸುರಿಸಬೇಕು? ವಯಸ್ಕರ ದೇಹದಲ್ಲಿ ದಿನಕ್ಕೆ ತಯಾರಾಗುವುದು ಸುಮಾರು 30 ಮೈಕ್ರೋಗ್ರಾಂ. ಎಲ್ಲರಿಗೂ ಅದೇ ಲೆಕ್ಕ ಹಿಡಿದು ಗುಣಿಸಿದರೆ 48 ಗ್ರಾಂ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಸುತ್ತಲಿನ ಹಳ್ಳಿಗಳೆಲ್ಲ ಸೇರಿ ಒಂದು ಹಿಡಿ ಒಣಮೆಣಸಿನಕಾಯಿಯ ತೂಕ! ಲಕ್ಷಕ್ಕೂ ಮಿಕ್ಕಿ ಚೀಲ ಬಂದಿಳಿಯುವ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಕಸಬರಿಗೆಗೇ ಇದಕ್ಕಿಂತ ಹೆಚ್ಚು ಸಿಕ್ಕೀತು.

ಈಗ ಔಷಧಿ ಅಂಗಡಿಗೆ ಬನ್ನಿ. ಮೆಲಟೋನಿನ್‌ನ ಮಾಮೂಲಿ ಮಾತ್ರೆ 3 ಮಿಲಿಗ್ರಾಂ, ಅಂದರೆ 3,000 ಮೈಕ್ರೋಗ್ರಾಂ. ದೇಹದ ನೂರು ರಾತ್ರಿಗಳ ದುಡಿಮೆ. ನುಂಗಿದ್ದರಲ್ಲಿ ರಕ್ತ ಸೇರುವುದು ಸುಮಾರು ಶೇ 15 ಎಂದುಕೊಂಡರೂ ಹದಿನೈದು ರಾತ್ರಿಗಳದ್ದು ಒಂದೇ ರಾತ್ರಿಗೆ ಬಂದಂತಾಯಿತು. ಆನ್‌ಲೈನಿನಲ್ಲಿ ಸಿಗುವ ಹಣ್ಣಿನ ರುಚಿಯ ಗಮ್ಮಿಗಳಲ್ಲಿ 5, 10 ಮಿಲಿಗ್ರಾಂ ಇರುತ್ತದೆ. ಪೆಪ್ಪರಮೆಂಟು ಅಂದುಕೊಂಡ ಕೂಸು ಒಂದಕ್ಕೇ ಸುಮ್ಮನಾದೀತೇ?

ಅಮೆರಿಕದ ಕೂಸುಗಳಂತೂ ಸುಮ್ಮನಾಗಲಿಲ್ಲ. ಮಕ್ಕಳು ಮೆಲಟೋನಿನ್ ನುಂಗಿದ್ದಾರೆಂದು ಅಲ್ಲಿನ ವಿಷ ನಿಯಂತ್ರಣ ಕೇಂದ್ರಗಳಿಗೆ 2012ರಲ್ಲಿ ಬಂದ ವರದಿಗಳು 8,337. 2021ರಲ್ಲಿ 52,563. ಹತ್ತು ವರ್ಷದ್ದು ಕೂಡಿಸಿದರೆ 2,60,435. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳ 2011ರ ಜನರನ್ನೆಲ್ಲ ಒಟ್ಟು ಮಾಡಿದರೂ ಅಷ್ಟಾಗುವುದಿಲ್ಲ. ಬಹುಪಾಲು ಮಕ್ಕಳಿಗೆ ಏನೂ ಆಗಲಿಲ್ಲ, ನಿಜ. ಐವರಿಗೆ ಕೃತಕ ಉಸಿರಾಟ ಬೇಕಾಯಿತು, ಇಬ್ಬರು ತೀರಿಕೊಂಡರು.

ಇನ್ನು ಡಬ್ಬಿಯ ಮೇಲಿನ ಬರಹ. 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅಮೆರಿಕದ 25 ಬಗೆಯ ಗಮ್ಮಿಗಳ ಪೈಕಿ 22ರ ಲೇಬಲ್ ತಪ್ಪಾಗಿತ್ತು. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ, ಉಳಿದವುಗಳಲ್ಲಿ ಬರೆದದ್ದರ ಶೇ 74ರಿಂದ ಶೇ 347ರವರೆಗೆ ಇತ್ತು. ಬ್ಯಾಡಗಿಯಲ್ಲಿ ತಕ್ಕಡಿ ಹೀಗೆ ತೂಗಿದ್ದರೆ ರೈತರು ಬಿಡುತ್ತಿದ್ದರೇ!

ಆಟಿಸಂನಂಥ ತೊಂದರೆಯಿಂದ ನಿದ್ದೆಗೆಟ್ಟ ಮಕ್ಕಳಿಗೆ ವೈದ್ಯರು ಇದನ್ನು ಬರೆದುಕೊಡುತ್ತಾರೆ, ಗುಣವೂ ಕಾಣುತ್ತದೆ. ಆಗಲೂ ಅರ್ಧ ಇಲ್ಲವೆ ಒಂದು ಮಿಲಿಗ್ರಾಂನಿಂದ ಶುರು ಮಾಡುವುದು ವಾಡಿಕೆ. ವರ್ಷಗಟ್ಟಲೆ ಕೊಟ್ಟರೆ ಮೈನೆರೆಯುವ ವಯಸ್ಸಿನ ಮೇಲೆ ಏನು ಪರಿಣಾಮ ಎಂದು ಬಹುಕಾಲ ಹಿಂಬಾಲಿಸಿ ನೋಡಿದ ಅಧ್ಯಯನಗಳು ಕಡಿಮೆ. ಹಾಗಾಗಿ ಮಿಕ್ಕ ಮಕ್ಕಳ ವಿಷಯದಲ್ಲಿ ಕೈ ಮೊದಲು ಹೋಗಬೇಕಾದ್ದು ದೀಪದ ಸ್ವಿಚ್ಚಿಗೆ. ಕೊಲೊರಾಡೊದ ಸಂಶೋಧಕರು 3ರಿಂದ 5 ವರ್ಷದ ಮಕ್ಕಳನ್ನು ಮಲಗುವ ಮುನ್ನ ಒಂದು ತಾಸು ಪ್ರಖರ ಬೆಳಕಿನಲ್ಲಿ ಆಡಿಸಿದಾಗ ಮೆಲಟೋನಿನ್ ಶೇ 88ರಷ್ಟು ಕುಸಿಯಿತು, ಬೆಳಕು ಆರಿಸಿ 50 ನಿಮಿಷವಾದರೂ ಬಹುತೇಕರಲ್ಲಿ ಚೇತರಿಸಿಕೊಳ್ಳಲಿಲ್ಲ. 2022ರ ಅವರ ಇನ್ನೊಂದು ಅಧ್ಯಯನದಲ್ಲಿ 5ರಿಂದ 40 ಲಕ್ಸ್‌ನ ಮಂದ ಬೆಳಕಿಗೇ ಸರಾಸರಿ ಶೇ 78ರಷ್ಟು ಇಳಿಯಿತು. ನಮ್ಮ ಮನೆಗಳ ಟ್ಯೂಬ್‌ಲೈಟು ಸಾಮಾನ್ಯವಾಗಿ ಅದಕ್ಕಿಂತ ಜೋರಾಗಿಯೇ ಉರಿಯುತ್ತದೆ.