ವಾರದ ಓಟ, ವಾರದ ಲೆಕ್ಕ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ತೆಂಗಿನ ಸೀಮೆಗೆ ಸೇರಿದ ಊರು. ಅಲ್ಲಿಂದ ಇಂಜಿನಿಯರಿಂಗ್ ಓದಲು ಬಂದ ಹುಡುಗನೊಬ್ಬ, ತೋಟದವರು ವ್ಯಾಪಾರಿಗೆ ಕೊಟ್ಟ ಕಾಯಿಯ ಲೆಕ್ಕವಿಡುವ ತಂತ್ರಾಂಶವನ್ನು ಕೊನೆಯ ವರ್ಷದ ಪ್ರಾಜೆಕ್ಟಾಗಿ ಆರಿಸಿಕೊಂಡ. ತಂಡದಲ್ಲಿ ನಾಲ್ವರು, ಮಾರ್ಗದರ್ಶಕ ನಾನು. ಮೂರು ತಿಂಗಳೂ ನಾನು ಕೇಳಿದ ಉತ್ತರ ಒಂದೇ: "ಮುಕ್ಕಾಲು ಮುಗಿದಿದೆ, ಸಾರ್." ಪರೀಕ್ಷೆಯ ಹಿಂದಿನ ದಿನ ಜೋಡಿಸಹೋದರೆ ನಾಲ್ಕು ತುಂಡುಗಳೂ ಒಂದಕ್ಕೊಂದು ಹೊಂದಲಿಲ್ಲ. ದುಡಿದವನು ಆ ಹುಡುಗನೊಬ್ಬನೇ. ಅಂಕ ಹೋದದ್ದು ನಾಲ್ವರಿಗೂ. ತಪ್ಪು ನನ್ನದು. ನಾನು ಮಾತನ್ನು ಕೇಳಿದ್ದೆನೇ ಹೊರತು ಕೆಲಸವನ್ನು ನೋಡಿರಲಿಲ್ಲ.

ಮರುವರ್ಷ ವಾರದ 'ಸ್ಪ್ರಿಂಟ್' ಕ್ರಮವನ್ನು ಹಿಡಿದೆವು. ಸ್ಪ್ರಿಂಟ್ ಎಂದರೆ ಅಲ್ಪದೂರದ ಓಟ. ಹೊಸ ಸರಕನ್ನು ರೂಪಿಸುವ ತಂಡ ರಗ್ಬಿ ಆಟಗಾರರಂತೆ ಒಟ್ಟಾಗಿ ಸಾಗಬೇಕೆಂದು ಜಪಾನಿನ ಟಕೆಉಚಿ, ನೊನಾಕ ಎಂಬ ವಿದ್ವಾಂಸರು 1986ರಲ್ಲಿ ಬರೆದರು. ಆ ಆಟದಿಂದಲೇ 'ಸ್ಕ್ರಂ' ಎಂಬ ಹೆಸರು ಬಂದಿತು. ಅಮೆರಿಕದ ಸದರ್ಲೆಂಡ್ ಮತ್ತು ಶ್ವೇಬರ್ ಅದನ್ನು ತಂತ್ರಾಂಶ ನಿರ್ಮಾಣದ ಕ್ರಮವಾಗಿ 1995ರಲ್ಲಿ ಮಂಡಿಸಿದರು. ಒಂದು ಓಟ ತಿಂಗಳನ್ನು ಮೀರಬಾರದೆಂಬುದು ಅವರ ನಿಯಮ. ವಿದ್ಯಾರ್ಥಿಗಳಿಗೆ ತಿಂಗಳೆಂದರೆ ಒಂದು ಯುಗವೇ ಸರಿ; ವಾರ ಸಾಕು. ಸಂತೆಯಿಂದ ಸಂತೆಗೆ ಬದುಕುವ ನಮ್ಮ ಸೀಮೆಗೆ ಅದು ಹೊಸ ಲೆಕ್ಕವೂ ಅಲ್ಲ.

ಸೋಮವಾರ ಕೆಲಸವನ್ನು ಆರಿಸಿಕೊಳ್ಳುವುದು, ಶನಿವಾರ ನಡೆಸಿ ತೋರಿಸುವುದು. ಕಂಪನಿಗಳಲ್ಲಿರುವಂತೆ ದಿನವೂ ಸಭೆ ಸೇರಲು ತರಗತಿಗಳು ಬಿಡವು. ಬುಧವಾರ ಹತ್ತು ನಿಮಿಷ ಕೂಡಿದರೆ ಆಯಿತು. ಕಿರುಪರೀಕ್ಷೆಯ ವಾರದಲ್ಲಿ ಕೆಲಸವನ್ನು ಅರ್ಧಕ್ಕಿಳಿಸಬೇಕು, ವಾರವನ್ನು ಮಾತ್ರ ಹಿಗ್ಗಿಸಬಾರದು. ಹಿಗ್ಗಿಸಿದೆವೋ, ಮತ್ತೆ 'ಮುಕ್ಕಾಲು' ಬಂದಿತೆಂದೇ ತಿಳಿಯಿರಿ. 'ಮುಗಿಯಿತು' ಎಂಬ ಮಾತಿಗೂ ಒಂದು ಕಟ್ಟು ಹಾಕಿದೆವು: ಬರೆದವನ ಕಂಪ್ಯೂಟರಿನಲ್ಲಲ್ಲ, ಇನ್ನೊಬ್ಬನ ಕಂಪ್ಯೂಟರಿನಲ್ಲಿ ನಡೆಯಬೇಕು. ತೋರಿಸುವ ಸರದಿ ವಾರಕ್ಕೊಬ್ಬರದು. ಹೀಗಾಗಿ ಮರೆಯಲ್ಲಿ ಉಳಿಯಲು ಯಾರಿಗೂ ಎಡೆಯಿಲ್ಲ.

ಆ ವರ್ಷದ ಹೊಸ ತಂಡ ಕಾಯಿಯ ಲೆಕ್ಕವನ್ನೇ ಮತ್ತೆ ಕೈಗೆತ್ತಿಕೊಂಡಿತು. ಮೊದಲ ಶನಿವಾರ ಆದದ್ದು ಇಷ್ಟೇ: ಒಬ್ಬ ರೈತನ ಹೆಸರು, ಕಾಯಿಯ ಎಣಿಕೆ ಬರೆದರೆ ಉಳಿಯುತ್ತಿತ್ತು. ನೋಡಿದವರು ನಕ್ಕರು. ಆದರೆ ಅಷ್ಟು ಮಾತ್ರ ನಿಜವಾಗಿ ನಡೆಯುತ್ತಿತ್ತು. ಎರಡನೆಯ ವಾರ ಅದನ್ನೇ ಶ್ರೀರಾಂಪುರದ ಹಿರಿಯರೊಬ್ಬರಿಗೆ ತೋರಿಸಿದರು. ಅವರು ಕನ್ನಡಕವೇರಿಸಿ ನೋಡಿ, "ವ್ಯಾಪಾರಿ ಹತ್ರ ಮುಂಗಡ ಇಸ್ಕೊಂಡಿದ್ದು ಎಲ್ಲಿ ಬರೀತೀರಪ್ಪಾ?" ಎಂದರು. ಹಿಂದಿನ ವರ್ಷದ ಇಡೀ ಯೋಜನೆಯಲ್ಲಿ ಮುಂಗಡದ ಸುದ್ದಿಯೇ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಸೋಮವಾರ ಹುಡುಗರು ಉಳಿದೆಲ್ಲವನ್ನೂ ಬದಿಗಿಟ್ಟು ಅದೊಂದನ್ನೇ ಆರಿಸಿಕೊಂಡರು.