ಎಡೆದೊರೆ ನಾಡಿನ ಕೆರೆಗಳು: ನೀರಿನ ಮಟ್ಟದ ಏರಿಳಿತ ಮತ್ತು ಅದರ ಕಾರಣಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಪ್ರದೇಶವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರು, ದೇವದುರ್ಗ ಮತ್ತು ಮಾನ್ವಿ ಈ ನಾಡಿನ ಪೂರ್ವಭಾಗದಲ್ಲಿವೆ. ಎರಡು ಮಹಾನದಿಗಳು ಹತ್ತಿರವಿದ್ದರೂ ಅವುಗಳ ಪಾತ್ರ ಹೊಲಗಳಿಗಿಂತ ತಗ್ಗಿನಲ್ಲಿರುವುದರಿಂದ ಇಲ್ಲಿನ ಹಳೆಯ ಕೆರೆಗಳು ಬಹುಮಟ್ಟಿಗೆ ತಮ್ಮ ಜಲಾನಯನದ ಮಳೆಯನ್ನೇ ಅವಲಂಬಿಸಿದ್ದವು. ಆದುದರಿಂದ ಕೆರೆಯ ಮಟ್ಟವೆಂದರೆ ಊರಿನ ಮಳೆಯ ಅಳತೆ ಎಂಬ ಭಾವನೆ ಸಹಜವಾಗಿ ಬೆಳೆಯಿತು. ಈ ಭಾವನೆ ಇಂದು ಭಾಗಶಃ ಮಾತ್ರ ನಿಜ.

ಯಾವುದೇ ಕೆರೆಯ ಮಟ್ಟ ಒಳಹರಿವು ಮತ್ತು ಹೊರಹರಿವುಗಳ ವ್ಯತ್ಯಾಸದಿಂದ ನಿರ್ಧಾರವಾಗುತ್ತದೆ. ನೇರ ಮಳೆ, ಹಳ್ಳದ ನೀರು ಮತ್ತು ನೆಲದೊಳಗಿನ ಬಸಿ ನೀರು ಒಳಗೆ ಬರುತ್ತವೆ. ಆವಿ, ಇಂಗುವಿಕೆ, ತೂಬು ಹಾಗೂ ಕೋಡಿಗಳ ಮೂಲಕ ನೀರು ಹೊರಹೋಗುತ್ತದೆ. ಒಂದು ಚದರ ಕಿಲೋಮೀಟರ್ ಜಲಾನಯನದಿಂದ 10 ಮಿ.ಮೀ. ನೀರು ಹರಿದು ಬಂದರೆ ಅದು ಒಂದು ಕೋಟಿ ಲೀಟರು. 10 ಹೆಕ್ಟೇರ್ ವಿಸ್ತಾರದ ಕೆರೆಯಲ್ಲಿ ಇದರಿಂದ ಮಟ್ಟ 10 ಸೆಂ.ಮೀ. ಏರುತ್ತದೆ. ದಿನಕ್ಕೆ 5 ಮಿ.ಮೀ. ಆವಿಯಾದರೆ ಇಪ್ಪತ್ತೇ ದಿನಗಳಲ್ಲಿ ಆ ಗಳಿಕೆ ಕರಗಿಹೋಗುತ್ತದೆ. ಈಶಾನ್ಯ ಒಣ ವಲಯಕ್ಕೆ ಸೇರಿದ ಈ ತಾಲ್ಲೂಕುಗಳಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಆವಿಯಾಗುವ ಪ್ರಮಾಣವು ಬೀಳುವ ಮಳೆಗಿಂತ ಬಹಳ ಹೆಚ್ಚು. ಆಳ ಕಡಿಮೆಯಿದ್ದು ಹರವು ಹೆಚ್ಚಿರುವ ಕೆರೆ ಬೇಗ ಬತ್ತಲು ಇದೇ ಮುಖ್ಯ ಕಾರಣ.

ಮಳೆಯ ಮೊತ್ತಕ್ಕಿಂತ ಅದು ಬೀಳುವ ರೀತಿ ಮುಖ್ಯವೆಂಬುದನ್ನು ಇಲ್ಲಿನ ಮಣ್ಣು ತೋರಿಸಿಕೊಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಭೂಮಿ ಮೊದಲ ಮಳೆಗಳನ್ನು ನುಂಗಿಬಿಡುತ್ತದೆ, ಹಳ್ಳ ಹರಿಯುವುದಿಲ್ಲ. ನೆನೆದು ಉಬ್ಬಿದ ಮೇಲೆ ಬಿರುಕುಗಳು ಮುಚ್ಚಿ, ಬಿದ್ದ ನೀರಿನ ಹೆಚ್ಚಿನ ಪಾಲು ಹರಿಯತೊಡಗುತ್ತದೆ. ಹೀಗಾಗಿ ಮುಂಗಾರಿನ ಆರಂಭದ ಮಳೆಗಿಂತ ಸೆಪ್ಟೆಂಬರಿನ ಮಳೆಯೇ ಕೆರೆ ತುಂಬಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಅತಿವೃಷ್ಟಿಯು ಪ್ರವಾಹಕ್ಕೆ ತಿರುಗಿದ ಹಿನ್ನೆಲೆಯಲ್ಲಿ ನೆನೆದ ನೆಲದ ಪಾತ್ರವನ್ನೂ ಗಮನಿಸಬೇಕು.

ಕಾಲುವೆ ನೀರಾವರಿಯು ಈ ಲೆಕ್ಕವನ್ನು ಬದಲಿಸಿತು. 1953ರಿಂದ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ರಾಯಚೂರುಗಳ ಕಡೆಗೂ, ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದವು. ಕಾಲುವೆ ಹರಿಯುವಾಗ ಬಸಿ ನೀರು ಹಾಗೂ ಗದ್ದೆಗಳ ಹೆಚ್ಚುವರಿ ನೀರು ತಗ್ಗಿನ ಕೆರೆಗಳನ್ನು ಸೇರುತ್ತದೆ. ಮಳೆಯಿಲ್ಲದೆಯೂ ಮಟ್ಟ ಏರಬಹುದು. ಕಾಲುವೆ ನಿಂತರೆ ಸ್ಥಳೀಯ ಮಳೆ ಚೆನ್ನಾಗಿದ್ದರೂ ಇಳಿಯಬಹುದು. ಮಾನ್ವಿ, ರಾಯಚೂರು ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವುದರಿಂದ ಮೇಲ್ಭಾಗದ ಬಳಕೆಯ ಪರಿಣಾಮ ಇಲ್ಲಿ ಹೆಚ್ಚು. ದೇವದುರ್ಗ ತಾಲ್ಲೂಕಿನ ಗಣೇಕಲ್ ಸಮತೋಲನ ಜಲಾಶಯ ಮತ್ತು ರಾಯಚೂರು ನಗರಕ್ಕೆ ಕುಡಿಯುವ ನೀರು ಸಂಗ್ರಹಿಸುವ ರಾಂಪುರ ಕೆರೆಯ ಮಟ್ಟಗಳು ಇದಕ್ಕೆ ನಿದರ್ಶನ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬುಗೇಟು ಕೊಚ್ಚಿಹೋದಾಗ, ಅಷ್ಟು ದೂರದ ಈ ತಾಲ್ಲೂಕುಗಳಲ್ಲಿಯೂ ಆತಂಕ ಮೂಡಿದ್ದು ಇದೇ ಅವಲಂಬನೆಯ ಕಾರಣದಿಂದ.

ಮಟ್ಟ ಮತ್ತು ಸಂಗ್ರಹ ಒಂದೇ ಅಲ್ಲವೆಂಬುದು ಗಮನಿಸಬೇಕಾದ ಮತ್ತೊಂದು ಅಂಶ. ಹೂಳು ತುಂಬಿ ತಳ ಮೇಲೇರಿದ ಕೆರೆಯಲ್ಲಿ ಅಳತೆಗಲ್ಲಿನ ಗುರುತು ಹಿಂದಿನಷ್ಟೇ ಇದ್ದರೂ ನೀರು ಕಡಿಮೆ. ಪ್ರಾಚೀನರು ಇದನ್ನು ಅರಿತಿದ್ದರು. ಕೆರೆಯ ದುರಸ್ತಿಗಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆಗಳು ಕನ್ನಡ ಶಾಸನಗಳಲ್ಲಿ ಕಾಣಸಿಗುತ್ತವೆ. ನಗರದ ಕೆರೆಗಳ ಸಂದರ್ಭ ಇನ್ನೂ ಜಟಿಲ. ರಾಯಚೂರು ಕೋಟೆಯ ಬಳಿಯ ಮಾವಿನಕೆರೆಯಂತಹ ಕಡೆ ಮನೆಗಳ ಬಳಕೆಯ ನೀರು ಸೇರುವುದರಿಂದ ಬೇಸಿಗೆಯಲ್ಲಿಯೂ ಮಟ್ಟ ನಿಲ್ಲಬಹುದು. ಅಂಥ ತುಂಬಿದ ಕೆರೆ ಆರೋಗ್ಯದ ಲಕ್ಷಣವಲ್ಲ.

ಆದುದರಿಂದ ಕೆರೆಯ ಮಟ್ಟವನ್ನು ದಾಖಲಿಸುವಾಗ ಅದರೊಂದಿಗೆ ಜಲಾನಯನದ ಮಳೆ, ಕಾಲುವೆ ಹರಿದ ದಿನಗಳು, ಹೂಳಿನ ಪ್ರಮಾಣ ಮತ್ತು ನೀರಿನ ಗುಣವನ್ನೂ ದಾಖಲಿಸಬೇಕಾಗುತ್ತದೆ. ಇವುಗಳಿಲ್ಲದ ಅಂಕಿ ಬರಗಾಲದಲ್ಲಿ ತಪ್ಪು ಭರವಸೆಯನ್ನೂ, ಒಳ್ಳೆಯ ಮಳೆಯಲ್ಲಿ ತಪ್ಪು ತೃಪ್ತಿಯನ್ನೂ ಕೊಡುತ್ತದೆ. ಕೆರೆಯ ನೀರನ್ನೇ ನಂಬಿದ ಊರುಗಳಿಗೆ ಎರಡೂ ದುಬಾರಿಯೇ.