ಎಲ್ಲ ನಾಯಿಗೂ ಒಂದೇ ಪಾಠವೆ?

‘ಜಾತಿನಾಯಿಯಾದರೆ ಕಲಿಯುತ್ತದೆ, ನಾಡನಾಯಿಗೆ ಎಷ್ಟು ಹೇಳಿಕೊಟ್ಟರೂ ಅಷ್ಟೇ’ ಎಂಬ ನಂಬಿಕೆ ತುಮಕೂರು ನಗರದ ಬಡಾವಣೆಗಳಲ್ಲೂ ಗುಬ್ಬಿ, ಕುಣಿಗಲ್ ಸೀಮೆಯ ತೋಟದ ಮನೆಗಳಲ್ಲೂ ಬೇರೂರಿದೆ. ತಳಿಗೆ ಅದರದೇ ಒಲವುಗಳಿರುವುದು ನಿಜ. ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವ ಮುಧೋಳ ನಾಯಿಯು ಮೊಲ ಓಡಿದಾಗ ಯಜಮಾನನ ಕೂಗಿಗೆ ತಿರುಗದಿದ್ದರೆ ಅದು ಹುಟ್ಟುಗುಣವೇ ಹೊರತು ಹಟವಲ್ಲ. ಆದರೆ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರು ನೀಡಿದ ಮಾಹಿತಿಯನ್ನು ಆಧರಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ತೋರಿಸಿತು. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ತಿನಿಸಿಗೆ, ಮತ್ತೊಂದು ಆಟಕ್ಕೆ ಒಲಿಯುವುದುಂಟು. ಕಲಿಸುವವರು ಮೊದಲು ಗುರುತಿಸಬೇಕಾದುದು ಈ ಒಲವನ್ನು.

ಎರಡನೆಯ ನಂಬಿಕೆ ಹೆಚ್ಚು ಹಾನಿಕರವಾದುದು. ನಾಯಿಯು ಮನೆಯವರ ಮೇಲೆ ಒಡೆತನ ಸ್ಥಾಪಿಸಲು ಹವಣಿಸುತ್ತದೆ, ಆದ್ದರಿಂದ ಅದನ್ನು ಹೊಡೆದು ಬಗ್ಗಿಸಬೇಕು ಎಂಬ ಈ ವಾದಕ್ಕೆ, ಸೆರೆಯಲ್ಲಿ ಒಟ್ಟುಗೂಡಿಸಿದ ತೋಳಗಳ ಕಾದಾಟವನ್ನು ಕುರಿತು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನವೇ ಬಹುಮಟ್ಟಿಗೆ ಮೂಲ. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬವೆಂಬುದನ್ನು ಡೇವಿಡ್ ಮೀಚ್ 1999ರಲ್ಲಿ ವಿವರಿಸಿ ಆ ಚಿತ್ರವನ್ನು ತಿದ್ದಿದರು. ಪೆಟ್ಟು ತಿಂದ ಅಂಜುಬುರುಕ ನಾಯಿ ಪಾಠ ಕಲಿಯುವುದಿಲ್ಲ, ಕೈಯೆತ್ತಿದವರನ್ನು ಕಂಡು ಮುದುರುವುದನ್ನು ಕಲಿಯುತ್ತದೆ. ಗುರುಗುಟ್ಟಿದ್ದಕ್ಕೆ ಏಟು ತಿಂದದ್ದು ಮುಂದೆ ಎಚ್ಚರಿಕೆ ಕೊಡದೆಯೇ ಬಾಯಿ ಹಾಕಬಹುದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನೂ ಮಕ್ಕಳಿರುವ ಮನೆಯಲ್ಲಿ ನಂಬಬಾರದು, ಏಕೆಂದರೆ ಹೆದರಿಕೆಯಿಂದ ಬೊಗಳುವ ನಾಯಿಗೆ ಹಿಂದೆ ಸರಿಯಲು ಜಾಗ ಸಿಗದಿದ್ದರೆ ಅದು ಕಚ್ಚಬಹುದು.

ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ರಾತ್ರಿ ಕಾವಲು ಚುರುಕಾಗುತ್ತದೆ ಎಂಬುದು ತೋಟದ ಮನೆಗಳ ನಂಬಿಕೆ. ಸದಾ ಕಟ್ಟಿಹಾಕಿದ ನಾಯಿಯಲ್ಲಿ ಬೆಳೆಯುವುದು ಬಹುತೇಕ ಅಂಜಿಕೆ ಮತ್ತು ಸಿಡುಕು. ನೆಂಟರಾರು, ಕಳ್ಳರಾರು ಎಂಬ ವಿವೇಚನೆ ಅದರಿಂದ ಬರುವುದಿಲ್ಲ. ಅದಲ್ಲದೆ ಚಿರತೆಗೆ ನಾಯಿ ಸುಲಭದ ಬೇಟೆ. 2019–20ರಲ್ಲಿ ಮನುಷ್ಯರೂ ಚಿರತೆಗೆ ಬಲಿಯಾದ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಹೀಗಾಗಿ ಕೂರು, ನಿಲ್ಲು ಎಂಬುವುಗಳಿಗಿಂತಲೂ, ಮುಸ್ಸಂಜೆಗೆ ‘ಬಾ’ ಎಂದೊಡನೆ ಒಳಗೆ ಬರುವುದೇ ಇಲ್ಲಿನ ನಾಯಿಗೆ ಜೀವ ಉಳಿಸುವ ಪಾಠ.

ಇದನ್ನು ಕಲಿಸುವ ತತ್ತ್ವ ಒಂದೇ: ಕರೆದೊಡನೆ ಬಂದ ನಾಯಿಗೆ ಆ ಕ್ಷಣವೇ ಹಿತವಾದದ್ದು ದೊರೆತರೆ ಅದು ಮತ್ತೆ ಬರುತ್ತದೆ, ಮನೋವಿಜ್ಞಾನದಲ್ಲಿ ಇದನ್ನು ಪುನರ್ಬಲನ ಎನ್ನುತ್ತಾರೆ. ಬದಲಾಗುವುದು ಕ್ರಮ. ಹೊಟ್ಟೆ ತುಂಬ ಮುದ್ದೆ ಉಂಡ ನಾಯಿಗೆ ಇನ್ನೊಂದು ತುತ್ತು ಮುದ್ದೆ ಹಿತವೆನಿಸದು, ಬೇಯಿಸಿದ ಮೊಟ್ಟೆಯ ಚೂರು ಹಿತವೆನಿಸಬಹುದು. ಬೀದಿಯಿಂದ ತಂದ ಹೆದರುವ ನಾಯಿಯ ಎದುರು ಬಗ್ಗಿ ಕೈ ಚಾಚುವ ಬದಲು, ಪಕ್ಕಕ್ಕೆ ತಿರುಗಿ ಕುಳಿತು, ಚೂರನ್ನು ನೆಲದ ಮೇಲಿಟ್ಟು ಕಾಯಬೇಕು. ಬೆನ್ನಟ್ಟುವ ಚಟದ ನಾಯಿಗೆ ಮೊದಲು ಮನೆಯೊಳಗೆ, ಬಳಿಕ ಉದ್ದನೆಯ ಹಗ್ಗ ಕಟ್ಟಿಕೊಂಡು ತೆಂಗಿನ ಸಾಲುಗಳ ನಡುವೆ ಅಭ್ಯಾಸ ಮಾಡಿಸಬೇಕು. ಕಿವಿ ಮಂದವಾದ ಮುದಿನಾಯಿಗೆ ಕೂಗಿನ ಬದಲು ಕೈಸನ್ನೆ ಸಾಕು. ತಡವಾಗಿ ಬಂದ ನಾಯಿಯನ್ನು ಗದರಿದರೆ ಮಾತ್ರ ಇವೆಲ್ಲವೂ ಕೆಡುತ್ತವೆ, ಏಕೆಂದರೆ ಗದರಿಕೆಯನ್ನು ಅದು ತಡವಾದದ್ದಕ್ಕೆ ಸಿಕ್ಕಿದ್ದೆಂದಲ್ಲ, ಬಂದದ್ದಕ್ಕೇ ಸಿಕ್ಕಿದ್ದೆಂದು ತಿಳಿಯುತ್ತದೆ.